ಶವಸಂಸ್ಕಾರದ ಪದವಿಗೆ ಸಾಲ ತೆಗೆಯುವ ಮುಂಚೆ

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದೊಡನೆ ದಾವಣಗೆರೆ, ಚಿತ್ರದುರ್ಗದ ಮನೆಗಳಲ್ಲಿ ಕೋರ್ಸುಗಳ ಹುಡುಕಾಟ ಶುರುವಾಗುತ್ತದೆ. ನೀಟ್‌ನಲ್ಲಿ ಅಂಕ ಸಾಲಲಿಲ್ಲ, ಎಂಜಿನಿಯರಿಂಗ್ ಬೇಡ ಅನ್ನುವ ಮಕ್ಕಳು ಮೊಬೈಲಿನಲ್ಲಿ ಹುಡುಕುತ್ತ ಹೋಗಿ ಅಮೆರಿಕದ ಫ್ಯೂನರಲ್ ಸರ್ವಿಸ್ ಪದವಿಯ ಮುಂದೆ ನಿಲ್ಲುವುದೂ ಉಂಟು. ಎರಡೇ ವರ್ಷದ ಓದು, ಪೈಪೋಟಿ ಕಡಿಮೆ, ವರ್ಷಕ್ಕೆ 50 ಸಾವಿರ ಡಾಲರ್ ಆಸುಪಾಸು ಸಂಬಳ, ಸಾವು ಇರುವ ತನಕ ಕೆಲಸಕ್ಕೆ ಬರವಿಲ್ಲ. ಕೇಳಲು ಚೆನ್ನಾಗಿದೆ. ಶವಾಗಾರ, ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗ, ಶವಸಾಗಣೆ, ಈ ಮೂರೂ ಕಡೆಯ ಕೆಲಸ ಬಲ್ಲ ನಾವು ಕೆಲವರು ಸೇರಿ ಇದರ ಜಮಾ-ಖರ್ಚು ಬರೆದಿದ್ದೇವೆ. ಅಲ್ಲೇ ನೆಲೆಸುವವರ ಲೆಕ್ಕ ಬೇರೆ, ಕಲಿತು ಊರಿಗೆ ಮರಳುವವರ ಲೆಕ್ಕ ಬೇರೆ. ಊರಿಗೆ ಮರಳುವವರಿಗೆ ಇದು ಶುದ್ಧ ನಷ್ಟದ ಬಾಬತ್ತು. ನಮ್ಮ ಎರಡು ಜಿಲ್ಲೆಗಳಿಗೆ ಬೇಕಿರುವುದು ಆರು ತಿಂಗಳ ತರಬೇತಿ, ಅದೂ ಇಲ್ಲೇ ಸಿಗಬೇಕು.

ಮೊದಲು ಅಮೆರಿಕದ ಕಡೆ ನೋಡೋಣ. ಅಲ್ಲಿ ಈ ಓದು ಸಾಮಾನ್ಯವಾಗಿ ಎರಡು ವರ್ಷದ ಅಸೋಸಿಯೇಟ್ ಪದವಿ, ಅಂದರೆ ಬ್ಯಾಚುಲರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಸುಮಾರು 60 ಕ್ರೆಡಿಟ್. ಅಮೆರಿಕನ್ ಬೋರ್ಡ್ ಆಫ್ ಫ್ಯೂನರಲ್ ಸರ್ವಿಸ್ ಎಜುಕೇಶನ್ ಎಂಬ ಮಂಡಳಿಯ ಮಾನ್ಯತೆ ಆ ಕಾಲೇಜಿಗೆ ಇರಬೇಕು, ಇಲ್ಲದಿದ್ದರೆ ಮುಂದೆ ಪರೀಕ್ಷೆ, ಲೈಸೆನ್ಸ್ ಎರಡಕ್ಕೂ ತೊಡಕು. ಅಂಗರಚನೆ, ರೋಗಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಶವ ಕೆಡದಂತೆ ರಾಸಾಯನಿಕ ದ್ರವ ತುಂಬುವ ಎಂಬಾಮಿಂಗ್, ಜಜ್ಜಿಹೋದ ಮುಖವನ್ನು ಮೇಣದಲ್ಲಿ ಸರಿಪಡಿಸುವ ಕಲೆ, ಕಾನೂನು, ಲೆಕ್ಕಪತ್ರ, ದುಃಖದಲ್ಲಿರುವ ಮನೆಯವರೊಡನೆ ಮಾತಾಡುವ ರೀತಿ, ಜೊತೆಗೆ ಶವಪೆಟ್ಟಿಗೆ ಮಾರಾಟ. ಕೊನೆಯದನ್ನು ಯಾರೂ ಒತ್ತಿ ಹೇಳುವುದಿಲ್ಲ. ಆದರೆ ಆ ದಂಧೆಯ ಬೆನ್ನುಮೂಳೆಯೇ ಅದು. ಓದು ಮುಗಿದ ಮೇಲೆ ಕಲೆ ಮತ್ತು ವಿಜ್ಞಾನ ಎಂಬ ಎರಡು ಭಾಗಗಳ ರಾಷ್ಟ್ರೀಯ ಪರೀಕ್ಷೆ ಇದೆ. ಅದಲ್ಲದೆ ಒಂದರಿಂದ ಮೂರು ವರ್ಷ ಲೈಸೆನ್ಸ್ ಇರುವವರ ಕೈಕೆಳಗೆ ಉಮೇದುವಾರಿ (ಅಪ್ರೆಂಟಿಸ್ ಕೆಲಸ) ಮಾಡಬೇಕು, ಎಷ್ಟು ಎನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಉಮೇದುವಾರಿಯಲ್ಲಿ ಪೂರ್ತಿ ಸಂಬಳ ಸಿಗದು. ಲೈಸೆನ್ಸ್ ಕೂಡ ರಾಜ್ಯಮಟ್ಟದ್ದು, ಒಂದು ರಾಜ್ಯದ್ದು ಇನ್ನೊಂದರಲ್ಲಿ ತಾನಾಗಿ ನಡೆಯುವುದಿಲ್ಲ.

ಖರ್ಚಿಗೆ ಬರೋಣ. ಕಾಲೇಜಿನಿಂದ ಕಾಲೇಜಿಗೆ ಶುಲ್ಕ ಬಹಳ ವ್ಯತ್ಯಾಸ. ಸ್ಥಳೀಯ ನಿವಾಸಿಗೆ ಕಡಿಮೆ ಶುಲ್ಕ ಹಾಕುವ ಸಮುದಾಯ ಕಾಲೇಜುಗಳೇ ಹೊರದೇಶದವರಿಗೆ ಹೆಚ್ಚು ಹಾಕುತ್ತವೆ. ವೆಬ್‌ಸೈಟಿನಲ್ಲಿ ದೊಡ್ಡಕ್ಷರದಲ್ಲಿ ಕಾಣುವುದು ಸ್ಥಳೀಯರ ಶುಲ್ಕ. ಎರಡು ವರ್ಷಕ್ಕೆ ಬೋಧನಾ ಶುಲ್ಕ 24 ಸಾವಿರ ಡಾಲರ್, ಊಟ, ಬಾಡಿಗೆ, ವಿಮೆ, ಓಡಾಟಕ್ಕೆ 28 ಸಾವಿರ ಡಾಲರ್ ಎಂದು ಹಿಡಿಯಿರಿ. ಇದು ಕೈ ಬಿಗಿ ಹಿಡಿದು ಮಾಡಿದ ಅಂದಾಜು. ಒಟ್ಟು 52 ಸಾವಿರ. ಡಾಲರಿಗೆ 90 ರೂಪಾಯಿಯಂತೆ 46.8 ಲಕ್ಷ, ಲೆಕ್ಕಕ್ಕೆ ಅನುಕೂಲವಾಗಲೆಂದು 47 ಲಕ್ಷ ಅನ್ನೋಣ. ಇಷ್ಟು ಮೊತ್ತಕ್ಕೆ ಬ್ಯಾಂಕು ಮನೆಯನ್ನೋ ನಿವೇಶನವನ್ನೋ ಅಡಮಾನ ಕೇಳುತ್ತದೆ. ಸಾಮಾನ್ಯವಾಗಿ ಏಳೂವರೆ ಲಕ್ಷದ ಮೇಲೆ ಅಡಮಾನವಿಲ್ಲದೆ ಶಿಕ್ಷಣ ಸಾಲ ಹುಟ್ಟುವುದು ಕಷ್ಟ.

ಶೇ 11ರ ಬಡ್ಡಿಯಲ್ಲಿ ನಾಲ್ಕು ಸೆಮಿಸ್ಟರ್‌ಗೆ ನಾಲ್ಕು ಕಂತಾಗಿ ಹಣ ಬಿಡುಗಡೆಯಾದರೆ, ಓದು ಮುಗಿಯುವ ಹೊತ್ತಿಗೆ ಬಡ್ಡಿಯೇ ಸುಮಾರು ಆರೂವರೆ ಲಕ್ಷ ಕೂಡಿಕೊಂಡಿರುತ್ತದೆ. ಅಸಲು 53.5 ಲಕ್ಷವಾಯಿತು. ಹತ್ತು ವರ್ಷದ ಅವಧಿಗೆ ಲಕ್ಷಕ್ಕೆ 1,377 ರೂಪಾಯಿಯ ಕಂತು, ಹಾಗಾಗಿ ತಿಂಗಳಿಗೆ ಸುಮಾರು 73,700 ರೂಪಾಯಿ. ಓದುವಾಗಲೇ ತಂದೆ-ತಾಯಿ ಬಡ್ಡಿ ಕಟ್ಟುತ್ತ ಬಂದರೂ ಕಂತು 64,700ಕ್ಕಿಂತ ಕೆಳಗಿಳಿಯದು.

ಅಲ್ಲೇ ದುಡಿದರೆ ಇದನ್ನು ತೀರಿಸಬಹುದೇ? ಕಾಗದದ ಮೇಲೆ ಹೌದು. ವರ್ಷಕ್ಕೆ 50 ಸಾವಿರ ಡಾಲರ್ ಅಂದರೆ ತಿಂಗಳಿಗೆ ನಾಲ್ಕು ಸಾವಿರದ ನೂರು ಚಿಲ್ಲರೆ. ತೆರಿಗೆ ಹೋಗಿ ಕೈಗೆ 3,400 ಬಂದು, ಜೀವನಕ್ಕೆ 2,200 ಸಾಕಾದರೆ 1,200 ಉಳಿಯುತ್ತದೆ. ಕಂತು ಸುಮಾರು 820 ಡಾಲರ್. ದಾಟಬಹುದು. ಎಡವುವುದು ವೀಸಾದಲ್ಲಿ. ವಿದ್ಯಾರ್ಥಿ ವೀಸಾದಲ್ಲಿ ಓದು ಮುಗಿಸಿದವರಿಗೆ ಕೆಲಸದ ಅನುಭವಕ್ಕೆಂದು ಸಿಗುವ ಸಾಮಾನ್ಯ ಅವಧಿ 12 ತಿಂಗಳು. ಅದು ಹಲವು ರಾಜ್ಯಗಳ ಉಮೇದುವಾರಿಗೇ ಸರಿಹೋಗುತ್ತದೆ. ಅದರ ನಂತರ ಬೇಕಾದದ್ದು ಎಚ್-1ಬಿ ಎಂಬ ಉದ್ಯೋಗ ವೀಸಾ. ಆ ವೀಸಾ ಸಿಗಲು, ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಕನಿಷ್ಠ ಬ್ಯಾಚುಲರ್ ಪದವಿ ಬೇಕೇಬೇಕು ಎನ್ನುವಂತಿರಬೇಕು. ಶವಸಂಸ್ಕಾರ ನಿರ್ವಾಹಕರ ಕೆಲಸಕ್ಕೆ ಅಮೆರಿಕದ ಕಾರ್ಮಿಕ ಇಲಾಖೆಯೇ ಹೇಳುವ ರೂಢಿಯ ಅರ್ಹತೆ ಎರಡು ವರ್ಷದ ಅಸೋಸಿಯೇಟ್ ಪದವಿ. ಕೋರ್ಸ್ ಚಿಕ್ಕದು ಎಂಬ ಆಕರ್ಷಣೆಯೇ ವೀಸಾ ಕಿಟಕಿಯಲ್ಲಿ ಉರುಳಾಗುತ್ತದೆ. ಏಜೆಂಟರು ಈ ಮಾತು ಎತ್ತುವುದು ಅಪರೂಪ. ಎಂಜಿನಿಯರಿಂಗ್ ಓದಿದವರ ವೀಸಾ ಕಥೆಯನ್ನೇ ಇದಕ್ಕೂ ಹೊಂದಿಸಿ ಹೇಳಿಬಿಡುತ್ತಾರೆ.

ಇನ್ನೊಂದು ಅಂಶ. ಅಲ್ಲಿಯ ಸಂಬಳ ಹುಟ್ಟುವುದು ಪೆಟ್ಟಿಗೆ, ಎಂಬಾಮಿಂಗ್, ಅಂತಿಮ ದರ್ಶನದ ಕೋಣೆ, ಉದ್ದ ಕಾರು ಇವುಗಳ ಬಿಲ್ಲಿನಿಂದ. ಅಲ್ಲಿಯ ಶವಸಂಸ್ಕಾರ ನಿರ್ವಾಹಕರ ರಾಷ್ಟ್ರೀಯ ಸಂಘದ 2023ರ ಲೆಕ್ಕದಂತೆ ದರ್ಶನವಿಟ್ಟು ಹೂಳುವ ಒಂದು ಸಂಸ್ಕಾರದ ಮಧ್ಯಮ ವೆಚ್ಚ 8,300 ಡಾಲರ್, ದರ್ಶನವಿಟ್ಟು ಸುಡುವುದಕ್ಕೆ 6,280. ಸುಡುವವರ ಪಾಲು ಶೇ 60 ದಾಟಿದೆ. ದರ್ಶನವೂ ಬೇಡ, ನೇರ ಸುಟ್ಟುಬಿಡಿ ಅನ್ನುವವರೂ ಹೆಚ್ಚುತ್ತಿದ್ದಾರೆ, ಅಲ್ಲಿಗೆ ಬಿಲ್ಲು ಇನ್ನೂ ಸಣ್ಣದು. 1984ರಿಂದ ಜಾರಿಯಲ್ಲಿರುವ ಫ್ಯೂನರಲ್ ರೂಲ್ ಪ್ರಕಾರ ಪ್ರತಿ ಬಾಬಿನ ದರಪಟ್ಟಿಯನ್ನು ಗಿರಾಕಿಯ ಕೈಗೆ ಕೊಡಲೇಬೇಕು. ಈ ನಿಯಮ ನಮ್ಮಲ್ಲಿ ಬಂದರೆ ಒಳ್ಳೆಯದು, ಅದು ಬೇರೆ ಮಾತು. ಇಂಗ್ಲೆಂಡಿನಲ್ಲಂತೂ ಈ ಉದ್ಯೋಗಕ್ಕೆ ಲೈಸೆನ್ಸೇ ಬೇಕಿಲ್ಲ. ಸಂಘಗಳು ನಡೆಸುವ ಡಿಪ್ಲೊಮಾ ಇದೆ, ಬೇಕಾದವರು ಮಾಡುತ್ತಾರೆ.

ಈಗ ಊರಿಗೆ ಬರೋಣ. ನಮ್ಮಲ್ಲಿ ಸಾವಾದರೆ ಬಂಧು-ಬಳಗ, ಓಣಿಯವರು, ಜಾತಿಯ ಹಿರಿಯರು, ಮಠದವರು, ಜಮಾತಿನವರು ಬಂದು ನಿಲ್ಲುತ್ತಾರೆ. ಮೈ ತೊಳೆಯುವುದು, ಚಟ್ಟ ಕಟ್ಟುವುದು, ಕಫನ್ ಹೊದಿಸುವುದು, ಹೆಗಲು ಕೊಡುವುದು, ಇವು ಯಾವುದಕ್ಕೂ ಬಿಲ್ಲಿಲ್ಲ. ದುಡ್ಡು ಕೊಡುವುದು ಐಸ್ ಪೆಟ್ಟಿಗೆಗೆ, ಗಾಡಿಗೆ, ಗುಂಡಿ ತೋಡುವವರಿಗೆ, ಸೌದೆಗೆ, ಹೂವಿಗೆ, ಶಾಮಿಯಾನಕ್ಕೆ. ಅಮೆರಿಕದ ಪದವಿ ಕಲಿಸುವ ಬಹುಪಾಲು ಕೆಲಸಕ್ಕೆ ಇಲ್ಲಿ ಗಿರಾಕಿಯಿಲ್ಲ. ಗಿರಾಕಿ ಇರುವ ಕೆಲಸವನ್ನು ಆ ಪದವಿ ಕಲಿಸುವುದಿಲ್ಲ.

ದಾವಣಗೆರೆಯಲ್ಲಿ ಒಬ್ಬರು ಎರಡು ಐಸ್ ಪೆಟ್ಟಿಗೆ, ಒಂದು ಹಳೆಯ ಶವವಾಹನ ಇಟ್ಟುಕೊಂಡು ಕೂತರು ಅನ್ನಿ. ಪೆಟ್ಟಿಗೆಗಳಿಗೆ 1.8 ಲಕ್ಷ, ಗಾಡಿಗೆ 4 ಲಕ್ಷ, ಸ್ಟ್ರೆಚರ್, ಸ್ಟೆಬಿಲೈಜರ್, ಶವಚೀಲ, ಚಿಲ್ಲರೆ ಸಾಮಾನಿಗೆ 40 ಸಾವಿರ, ಶೆಡ್ಡಿನ ಮುಂಗಡ 80 ಸಾವಿರ. ಬಂಡವಾಳ 7 ಲಕ್ಷ. ತಿಂಗಳಿಗೆ 15 ಬಾರಿ ಪೆಟ್ಟಿಗೆ ಹೋದರೆ 2,000ದಂತೆ 30,000. ಊರೊಳಗೆ, ಸುತ್ತಲ ಹಳ್ಳಿಗೆ 12 ಬಾಡಿಗೆ, 1,500ರಂತೆ 18,000. ಬೆಂಗಳೂರಿಗೆ ಎರಡು ಸಲ, ಹೋಗಿ ಬರಲು 520 ಕಿಲೋಮೀಟರ್, ಕಿಲೋಮೀಟರಿಗೆ 16 ರೂಪಾಯಿಯಂತೆ 16,640. ಒಟ್ಟು 64,640. ಖರ್ಚಿನಲ್ಲಿ ಚಾಲಕನಿಗೆ 15,000, ಸಹಾಯಕನಿಗೆ 12,000, ಡೀಸೆಲ್ 11,400, ಟೈರು-ಸರ್ವೀಸಿಗೆ 5,000, ವಿಮೆ-ಎಫ್‌ಸಿಗೆ 3,000, ಬಾಡಿಗೆ-ಫೋನು 5,000, ಪೆಟ್ಟಿಗೆಯ ಗ್ಯಾಸು, ಕಂಪ್ರೆಸರ್, ಗಾಜಿನ ರಿಪೇರಿಗೆ 2,000. ಇದು 53,400. ಉಳಿದದ್ದು 11,240. ಏಳು ಲಕ್ಷಕ್ಕೆ ಐದು ವರ್ಷದ ಕಂತು 15,220. ತಿಂಗಳಿಗೆ ನಾಲ್ಕು ಸಾವಿರ ಕೈಯಿಂದ ಹೋಯಿತು.

ಮಾಲೀಕನೇ ಸ್ಟೀರಿಂಗ್ ಹಿಡಿದರೆ ಮಾತ್ರ 11,000 ಮಿಗುತ್ತದೆ. ಹದಿನೈದರಲ್ಲಿ ಮೂರು ಮನೆಯವರು "ಹನ್ನೊಂದನೇ ದಿನದ ಕಾರ್ಯ ಮುಗೀಲಿ, ಕೊಡ್ತೀವಿ" ಅಂದರೆ ಅದರಲ್ಲೂ ಆರು ಸಾವಿರ ತೂಗುಯ್ಯಾಲೆ. ಸತ್ತ ಮನೆಯ ಬಾಗಿಲಲ್ಲಿ ನಿಂತು ಬಾಕಿ ಕೇಳುವವರು ಯಾರು? ಟ್ರಸ್ಟುಗಳು, ಮಠಗಳು, ಯುವಕ ಸಂಘಗಳು, ಚುನಾವಣೆ ಹತ್ತಿರ ಬಂದಾಗ ರಾಜಕಾರಣಿಗಳು ಉಚಿತ ಪೆಟ್ಟಿಗೆ, ಉಚಿತ ಮುಕ್ತಿವಾಹನ ಕೊಡುತ್ತಾರೆ. ಜನರಿಗೆ ಅದು ಒಳ್ಳೆಯದೇ. ಅದರ ಜೊತೆ ದರದಲ್ಲಿ ಪೈಪೋಟಿ ಮಾಡಲಾಗದು ಎನ್ನುವುದನ್ನೂ ಲೆಕ್ಕದಲ್ಲಿ ಬರೆದುಕೊಳ್ಳಬೇಕು. ಅಮೆರಿಕದ ಪದವಿ ಗೋಡೆಗೆ ತೂಗುಹಾಕಿದರೂ ಪೆಟ್ಟಿಗೆಯ ಬಾಡಿಗೆ ಅದೇ 2,000. 73,700ರ ಕಂತು ಕಟ್ಟಲು, ಬೇರೆ ಯಾವ ಖರ್ಚೂ ಇಲ್ಲ ಅಂದುಕೊಂಡರೂ, ತಿಂಗಳಿಗೆ 37 ಪೆಟ್ಟಿಗೆ ಹೋಗಬೇಕು.

ಜಿಎಸ್‌ಟಿಯ ಒಂದು ಸೂಕ್ಷ್ಮವೂ ಇದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಶವಸಂಸ್ಕಾರ, ಹೂಳುವಿಕೆ, ಚಿತಾಗಾರ, ಶವಾಗಾರ, ಶವಸಾಗಣೆ ಸೇವೆಗಳನ್ನು ತೆರಿಗೆಯ ವ್ಯಾಪ್ತಿಯಿಂದಲೇ ಹೊರಗಿಟ್ಟಿದ್ದಾರೆ. ತೆರಿಗೆಯಿಲ್ಲ ಅಂತ ಖುಷಿಪಡುವವರು ಇನ್ನೊಂದು ಮಗ್ಗುಲನ್ನು ನೋಡುವುದಿಲ್ಲ. ಗಾಡಿ, ಪೆಟ್ಟಿಗೆ, ಬಿಡಿಭಾಗ ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಹಿಂದೆ ಪಡೆಯುವ ದಾರಿಯೂ ಇಲ್ಲ. ಯೋಜನಾ ವರದಿ ಬರೆಸುವಾಗ ಲೆಕ್ಕಿಗರು ಇದನ್ನು ತಪ್ಪಿಸಿಬಿಟ್ಟರೆ ಬಂಡವಾಳ ಕಡಿಮೆಯಾಗಿ ಕಾಣುತ್ತದೆ.

ಹಾಗಾದರೆ ಕಲಿಯುವಂಥದ್ದು ಏನೂ ಇಲ್ಲವೇ? ಬೇಕಾದಷ್ಟಿದೆ. ಕಲಿಯದೆ ಮಾಡುವುದರಿಂದಲೇ ಈಗ ಎಡವಟ್ಟುಗಳಾಗುತ್ತಿರುವುದು.

ಐಸ್ ಪೆಟ್ಟಿಗೆಯನ್ನೇ ತೆಗೆದುಕೊಳ್ಳಿ. ಏಪ್ರಿಲ್-ಮೇನಲ್ಲಿ ನಮ್ಮ ಸೀಮೆಯ ಬಿಸಿಲು 38-40 ಡಿಗ್ರಿ ಮುಟ್ಟುತ್ತದೆ, ಶಾಮಿಯಾನದ ಕೆಳಗೆ ಇನ್ನೂ ಧಗೆ. ಪೆಟ್ಟಿಗೆ ತಣ್ಣಗಾಗಿಸುವುದು ಮೊದಲು ಸುತ್ತಲ ಗಾಳಿಯನ್ನು, ಆಮೇಲೆ ಚರ್ಮವನ್ನು. ಹೊಟ್ಟೆಯೊಳಗಿನ ಬಿಸಿ ಇಳಿಯಲು ಗಂಟೆಗಟ್ಟಲೆ ಬೇಕು, ಕೊಳೆಯುವಿಕೆ ಶುರುವಾಗುವುದೂ ಅಲ್ಲಿಂದಲೇ. ಆದ್ದರಿಂದ ಸಾವಾದ ಆರೇಳು ಗಂಟೆಯ ಮೇಲೆ ಪೆಟ್ಟಿಗೆ ತರಿಸಿ "ಏನೂ ಪ್ರಯೋಜನ ಆಗಲಿಲ್ಲ" ಅಂದರೆ ತಪ್ಪು ಪೆಟ್ಟಿಗೆಯದಲ್ಲ. ಪೆಟ್ಟಿಗೆಯನ್ನು ಖಾಲಿ ಇರುವಾಗಲೇ ಅರ್ಧ ಗಂಟೆ ಓಡಿಸಿ ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಅರ್ತಿಂಗ್ ಇರುವ 15 ಆಂಪಿಯರ್ ಸಾಕೆಟ್ಟಿಗೇ ಹಾಕಬೇಕು. ಶಾಮಿಯಾನದ ದೀಪದ ವೈರಿಗೆ ಜೋಡಿಸಿದರೆ ವೋಲ್ಟೇಜ್ ಬಿದ್ದು ಕಂಪ್ರೆಸರ್ ಗುಂಯ್‌ಗುಡುತ್ತದೆಯೇ ಹೊರತು ತಿರುಗದು. ಕರೆಂಟ್ ಹೋಗಿ ಬಂದ ತಕ್ಷಣ ಸ್ವಿಚ್ ಹಾಕುವಂತಿಲ್ಲ, ಒಳಗಿನ ಗ್ಯಾಸಿನ ಒತ್ತಡ ಸಮವಾಗಲು ಮೂರರಿಂದ ಐದು ನಿಮಿಷ ಬಿಡಬೇಕು. ಬಿಡದಿದ್ದರೆ ಕಂಪ್ರೆಸರ್ ಸುಟ್ಟು ಹೋಗುತ್ತದೆ. ಮನೆಯ ಸಣ್ಣ ಇನ್ವರ್ಟರ್ ಇದನ್ನು ಎಳೆಯದು, ಹಳ್ಳಿಗೆ ಹೋಗುವಾಗ ಜನರೇಟರ್ ಬೇಕು. ನೆಲ ಸಮತಟ್ಟಾಗಿರದಿದ್ದರೆ ನೀರು ಕೊಳವೆಯಲ್ಲಿ ಹೋಗದೆ ಒಳಗೇ ನಿಲ್ಲುತ್ತದೆ. ಒದ್ದೆ ಹೂಮಾಲೆ ಒಳಗೆ ಹಾಕಿದರೆ ಗಾಜು ಮಂಜಾಗಿ ಮುಖವೇ ಕಾಣದು, ಆಗ ಪ್ರತಿಯೊಬ್ಬರೂ ಮುಚ್ಚಳ ತೆಗೆಸುತ್ತಾರೆ. ಮುಚ್ಚಳ ತೆಗೆದಷ್ಟು ಸಲ ತಂಪು ಹೋಯಿತು. ಪೆಟ್ಟಿಗೆಯ ಕಾಲುಗಳನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದರೆ ಇರುವೆ ಬರುವುದಿಲ್ಲ. ಇಷ್ಟನ್ನು ಕಲಿಸಲು ಎರಡು ದಿನ ಸಾಕು. ಕಲಿಸಿದವರು ಮಾತ್ರ ಯಾರೂ ಇಲ್ಲ.

ನಮ್ಮ ಸೀಮೆಗೇ ಸೇರಿದ ಇನ್ನೊಂದು ಸಮಸ್ಯೆಯನ್ನು ಅಮೆರಿಕದ ಯಾವ ಪಠ್ಯದಲ್ಲೂ ನಿರೀಕ್ಷಿಸಬೇಡಿ. ಲಿಂಗಾಯತರಲ್ಲಿ ಶವವನ್ನು ಪದ್ಮಾಸನದಲ್ಲಿ ಕೂರಿಸಿ ಸಮಾಧಿ ಮಾಡುವುದು ಪದ್ಧತಿ. ಬಾಡಿಗೆಗೆ ಬರುವ ಪೆಟ್ಟಿಗೆ ಮಲಗಿಸುವುದಕ್ಕೆ ಮಾಡಿದ್ದು. ಸಾವಾದ ಒಂದೆರಡು ಗಂಟೆಯಲ್ಲಿ ದವಡೆ, ಕುತ್ತಿಗೆಯಿಂದ ಬಿಗಿತ ಶುರುವಾಗಿ ಹತ್ತು ಹನ್ನೆರಡು ಗಂಟೆಯಲ್ಲಿ ಇಡೀ ದೇಹ ಸೆಟೆದುಕೊಳ್ಳುತ್ತದೆ. ಸಾಮಾನ್ಯವಾಗಿ ಸೆಕೆಗೆ ಅದು ಒಂದೂವರೆ ದಿನದೊಳಗೆ ಸಡಿಲಾಗುತ್ತದೆ, ತಂಪಿನಲ್ಲಿಟ್ಟರೆ ಬಹಳ ಹೊತ್ತು ಹಾಗೇ ನಿಲ್ಲುತ್ತದೆ. ದೂರದ ಮಗ ಬರಲೆಂದು ರಾತ್ರಿಯಿಡೀ ಕಾಲು ನೀಡಿ ಮಲಗಿಸಿಟ್ಟು, ಬೆಳಿಗ್ಗೆ ವಿಮಾನದಲ್ಲಿ (ಶವವನ್ನು ಕೂರಿಸಿ ಹೊರುವ ಅಲಂಕೃತ ಪೀಠ) ಕೂರಿಸಲು ಹೋದರೆ ಮಂಡಿ ಮಡಚುವುದಿಲ್ಲ. ಆಗ ಬಲ ಹಾಕುತ್ತಾರೆ. ಮನೆಯವರ ಕಣ್ಣೆದುರು ಅದು ನಡೆಯಬಾರದು. ಮಾಡಬೇಕಾದದ್ದು ಸರಳ: ಬಿಗಿತ ಬರುವ ಮುಂಚೆ, ಮೊದಲ ಒಂದೆರಡು ಗಂಟೆಯಲ್ಲೇ ಕಾಲು ಮಡಚಿ ಮೆತ್ತಗಿನ ಬಟ್ಟೆಯಲ್ಲಿ ಕಟ್ಟಿ ಕೂರಿಸಿಬಿಡಬೇಕು. ಕೂರಿಸಿಯೇ ಇಡುವ ಎತ್ತರದ ಪೆಟ್ಟಿಗೆ ಸಿಗದಿದ್ದರೆ ಮಡಚಿದ ಮಂಡಿಯ ಸಮೇತ ಮಗ್ಗುಲಿಗೆ ಮಲಗಿಸಬೇಕು. ಬಿಗಿತ ಬಂದೇ ಬಿಟ್ಟಿದ್ದರೆ ಒಂದೇ ಸಲ ಎಳೆಯದೆ ಸೊಂಟ, ಮಂಡಿ, ಪಾದದ ಗಂಟು ಹೀಗೆ ಕೀಲಿನಿಂದ ಕೀಲಿಗೆ ನಿಧಾನವಾಗಿ ಬಾಗಿಸಿ ಬಿಡುತ್ತ, ನಾಲ್ಕಾರು ಸಲ ಮಾಡಿ ಸಡಿಲಿಸಬೇಕು. ಒಮ್ಮೆ ಪೂರ್ತಿ ಬಂದ ಬಿಗಿತವನ್ನು ಹೀಗೆ ಮುರಿದರೆ ಅದು ಮತ್ತೆ ಬರುವುದಿಲ್ಲ.

ಗುಂಡಿಯದೂ ಹಾಗೆಯೇ. ಕೂತ ಶವಕ್ಕೆ ಆಳ ಹೆಚ್ಚು ಬೇಕು, ಬದಿಯಲ್ಲಿ ಗೂಡು ಕೊರೆಯಬೇಕು, ವಿಭೂತಿ, ಬಿಲ್ವಪತ್ರೆ, ಉಪ್ಪು ತುಂಬಲು ಜಾಗ ಬಿಡಬೇಕು. ದಾವಣಗೆರೆ ಸುತ್ತಲ ಎರೆಭೂಮಿ ಮಳೆಗಾಲದಲ್ಲಿ ಕುಸಿಯುತ್ತದೆ, ಭದ್ರಾ ನಾಲೆಯ ಗದ್ದೆ ಬಯಲಲ್ಲಿ ಮೂರ್ನಾಲ್ಕು ಅಡಿಗೇ ನೀರು ಜಿನುಗುವ ಜಾಗಗಳಿವೆ. ಚಿತ್ರದುರ್ಗದ ಕಡೆ ಎರಡಡಿಗೆ ಬಂಡೆ ಸಿಕ್ಕಿ ಜೆಸಿಬಿಗೆ ಬ್ರೇಕರ್ ಹಾಕಿಸಬೇಕಾಗುತ್ತದೆ. ಗೂಡು ಕೊರೆಯುವವರು ಒಳಗಿರುವಾಗ ಗೋಡೆ ಜಾರಿದರೆ ಇನ್ನೊಂದು ಜೀವ ಹೋಗುತ್ತದೆ. ಅಗೆದ ಮಣ್ಣನ್ನು ಗುಂಡಿಯ ಅಂಚಿಗೇ ಸುರಿಯದೆ ಮೂರಡಿ ದೂರ ಹಾಕುವುದು, ಹಲಗೆಯ ಆನಿಕೆ ಕೊಡುವುದು, ಇಷ್ಟೇ ಬೇಕಾದ ಜಾಗ್ರತೆ.

ಎಂಬಾಮಿಂಗ್ ನಮ್ಮಲ್ಲಿ ಬೇಕಾಗುವುದು ಕೆಲವೇ ಸಂದರ್ಭದಲ್ಲಿ. ರಾಷ್ಟ್ರೀಯ ಹೆದ್ದಾರಿ 48ರ ಅಪಘಾತದಲ್ಲಿ ಹೋದ ಹೊರರಾಜ್ಯದ ಲಾರಿ ಚಾಲಕರು, ಅಕ್ಕಿ ಗಿರಣಿ ಅಥವಾ ಕಟ್ಟಡದ ಕೆಲಸಕ್ಕೆ ಬಂದ ಉತ್ತರದ ಕೂಲಿಕಾರರು, ವಿದೇಶಿ ವಿದ್ಯಾರ್ಥಿಗಳು. ಶವ ವಿಮಾನದಲ್ಲಿ ಹೋಗಬೇಕಾದರೆ ಎಂಬಾಮಿಂಗ್ ಪ್ರಮಾಣಪತ್ರ, ಮರಣದ ದಾಖಲೆ, ಪೊಲೀಸರ ನಿರಾಕ್ಷೇಪಣಾ ಪತ್ರ, ಪೆಟ್ಟಿಗೆ ಮುಚ್ಚಿದ ಪ್ರಮಾಣಪತ್ರ ಬೇಕು. ಹೊರದೇಶಕ್ಕಾದರೆ ರಾಯಭಾರ ಕಚೇರಿಯ ಒಪ್ಪಿಗೆ, ರದ್ದಾದ ಪಾಸ್‌ಪೋರ್ಟ್, ಗಾಳಿಯಾಡದಂತೆ ಬೆಸುಗೆ ಹಾಕಿದ ಒಳಪದರದ ಪೆಟ್ಟಿಗೆಯೂ ಸೇರುತ್ತವೆ. ವಿಮಾನ ಹತ್ತುವುದು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ. ಕೆಲಸ ನಡೆಯುವುದು ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗದಲ್ಲಿ, ಪ್ರಮಾಣಪತ್ರಕ್ಕೆ ಸಹಿ ಹಾಕುವವರು ವೈದ್ಯರು. ಖಾಸಗಿಯಾಗಿ ಇದೊಂದನ್ನೇ ನಂಬಿ ಅಂಗಡಿ ತೆರೆದರೆ ಬಾಡಿಗೆ ಹುಟ್ಟದು.

ಆದರೂ ಕೈಕೆಲಸ ಬಲ್ಲ ಸಹಾಯಕರಿಲ್ಲದೆ ಆಗುವ ತಪ್ಪುಗಳನ್ನು ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಫಾರ್ಮಲಿನ್‌ನಲ್ಲಿ ಶೇ 37ರಿಂದ 40 ಫಾರ್ಮಾಲ್ಡಿಹೈಡ್ ಇರುತ್ತದೆ. ಅದರ ಒಂದು ಲೀಟರಿಗೆ ಒಂಬತ್ತು ಲೀಟರ್ ನೀರು ಸೇರಿಸಿದ್ದನ್ನು 'ಶೇ 10ರ ಫಾರ್ಮಲಿನ್' ಅನ್ನುತ್ತಾರೆ. ಅದರಲ್ಲಿರುವ ಫಾರ್ಮಾಲ್ಡಿಹೈಡ್ ಶೇ 4 ಮಾತ್ರ. ಇದನ್ನು ತಿಳಿಯದೆ ಶೇ 10ರ ಫಾರ್ಮಾಲ್ಡಿಹೈಡ್ ಎಂದುಕೊಂಡು ಎರಡೂವರೆ ಪಟ್ಟು ಗಟ್ಟಿ ಮಾಡಿದರೆ ರಕ್ತನಾಳದ ಬಾಯಿಯೇ ಬಿಗಿದುಕೊಂಡು ದ್ರವ ಮುಂದೆ ಹೋಗುವುದಿಲ್ಲ, ಮುಖ ಬೂದಿ ಬಣ್ಣಕ್ಕೆ ತಿರುಗುತ್ತದೆ. ವಯಸ್ಕರ ದೇಹಕ್ಕೆ ಎಂಟರಿಂದ ಹತ್ತು ಲೀಟರ್ ದ್ರವ ಬೇಕು. ಗ್ಲಿಸರಿನ್, ಮೆಥನಾಲ್ ಬೆರೆಸಿ, ತೊಡೆಯ ಅಥವಾ ಕುತ್ತಿಗೆಯ ಧಮನಿಯ ಮೂಲಕ, ಬಾಟಲಿಯನ್ನು ಎತ್ತರಕ್ಕೆ ತೂಗಿ ನಿಧಾನಕ್ಕೆ ಇಳಿಸಬೇಕು. ಅವಸರಕ್ಕೆ ಪಂಪಿನ ಒತ್ತಡ ಏರಿಸಿದರೆ ಕಣ್ಣ ರೆಪ್ಪೆ, ಕೆನ್ನೆ ಊದಿಕೊಳ್ಳುತ್ತವೆ, ಅದನ್ನು ಇಳಿಸಲಾಗದು. ಕಣ್ಣು, ಬಾಯಿ ಮುಚ್ಚುವುದು ದ್ರವ ಬಿಡುವ ಮೊದಲು, ಆಮೇಲೆ ಸ್ನಾಯು ಗಟ್ಟಿಯಾಗಿಬಿಡುತ್ತದೆ. ಕಾಮಾಲೆಯಿಂದ ಸತ್ತವರಿಗೆ ಮಾಮೂಲಿ ಫಾರ್ಮಲಿನ್ ಹಾಕಿದರೆ ಹಳದಿ ಮೈ ಹಸಿರಾಗುತ್ತದೆ, ಏಕೆಂದರೆ ಚರ್ಮದಲ್ಲಿರುವ ಬಿಲಿರುಬಿನ್ ಬಿಲಿವರ್ಡಿನ್ ಆಗಿ ಬದಲಾಗುತ್ತದೆ. ಮರಣೋತ್ತರ ಪರೀಕ್ಷೆ ಆದ ದೇಹದಲ್ಲಿ ಒಂದೇ ಕಡೆಯಿಂದ ಬಿಟ್ಟರೆ ದ್ರವವೆಲ್ಲ ಹೊಟ್ಟೆಗೆ ಸೋರುತ್ತದೆ. ಎರಡೂ ಕುತ್ತಿಗೆ, ಎರಡೂ ಕಂಕುಳು, ಎರಡೂ ತೊಡೆ ಹೀಗೆ ಆರು ಕಡೆ ಬೇರೆ ಬೇರೆಯಾಗಿ ಕೊಡಬೇಕು, ಒಳಾಂಗಗಳನ್ನು ಪ್ರತ್ಯೇಕ ನೆನೆಸಿ ಚೀಲದಲ್ಲಿಟ್ಟು ಹೊಲಿಯಬೇಕು.

ಇದೆಲ್ಲಕ್ಕಿಂತ ಮುಂಚಿನ ನಿಯಮ ಒಂದಿದೆ. ಸಾವು ಅನುಮಾನದ್ದಾಗಿದ್ದರೆ ಪಂಚನಾಮೆ, ಮರಣೋತ್ತರ ಪರೀಕ್ಷೆ ಮುಗಿಯದೆ ಒಂದು ಹನಿ ಫಾರ್ಮಲಿನ್ ಮುಟ್ಟಿಸಬಾರದು. ಕೆಲವು ವಿಷಗಳ ಗುರುತನ್ನು ಅದು ಅಳಿಸಿಬಿಡುತ್ತದೆ. ಇಂಥ ಸಾವಿನ ಪಂಚನಾಮೆಗಿದ್ದ ಮೊದಲಿನ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194 ಆಗಿದೆ. ಸೌಲಭ್ಯವಿರುವ ಆಸ್ಪತ್ರೆಯಲ್ಲಿ ರಾತ್ರಿಯೂ ಮರಣೋತ್ತರ ಪರೀಕ್ಷೆ ಮಾಡಲು 2021ರ ನವೆಂಬರ್‌ನಿಂದ ಕೇಂದ್ರದ ಅನುಮತಿಯಿದೆ. ಕೊಲೆ, ಆತ್ಮಹತ್ಯೆ, ಅತ್ಯಾಚಾರ, ಕೊಳೆತ ಶವ, ಅನುಮಾನದ ಸಾವು ಇವುಗಳಿಗೆ ಮಾತ್ರ ಸಾಮಾನ್ಯವಾಗಿ ಅನ್ವಯಿಸದು. ಮನೆಯವರಿಗೆ ಇದನ್ನು ಬಿಡಿಸಿ ಹೇಳುವವರು ಶವಾಗಾರದ ಬಾಗಿಲಲ್ಲಿ ಒಬ್ಬರಾದರೂ ಇರಬೇಕು. ಈಗ ಅದನ್ನು ಹೇಳುವವರು ದಲ್ಲಾಳಿಗಳು.

ಕಾಗದಪತ್ರದ ಜ್ಞಾನಕ್ಕೂ ಬೆಲೆಯಿದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. 30 ದಿನದವರೆಗೆ ತಡ ಶುಲ್ಕ, ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಆಸ್ಪತ್ರೆಯಲ್ಲಿ ಸತ್ತರೆ ಕಾರಣದ ಪ್ರಮಾಣಪತ್ರ ನಮೂನೆ 4, ಮನೆಯಲ್ಲಿ ಸತ್ತಾಗ ಕೊನೆಯಲ್ಲಿ ನೋಡಿದ ವೈದ್ಯರಿಂದ 4ಎ. ಹೆಸರಿನ ಒಂದು ಅಕ್ಷರ ಆಧಾರ್‌ಗೆ ಹೊಂದದಿದ್ದರೆ ವಿಮೆ, ಪಹಣಿ ಬದಲಾವಣೆ, ಬ್ಯಾಂಕ್ ಖಾತೆ ಎಲ್ಲವೂ ಅಲ್ಲಿಗೇ ನಿಂತವು. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರನ್ನು ಸುಡುವುದಾದರೆ ಮೊದಲೇ ಅದನ್ನು ತೆಗೆಸಬೇಕು, ಬ್ಯಾಟರಿ ಸಿಡಿದು ಚಿತಾಗಾರದ ಇಟ್ಟಿಗೆ ಒಡೆಯುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ ಒಂದು, ಕೇಳಬೇಕು ಅಂತ ಗೊತ್ತಿರಬೇಕು ಅಷ್ಟೆ.

ಆದ್ದರಿಂದ ನಮ್ಮ ಬೇಡಿಕೆ ಇದು. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಜಿಲ್ಲಾ ಆಸ್ಪತ್ರೆಯಿದೆ. ಚಿತ್ರದುರ್ಗದಲ್ಲಿ ಖಾಸಗಿ ಕಾಲೇಜಿನ ಜೊತೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಎಸ್ಸೆಸ್ಸೆಲ್ಸಿ ಓದಿದವರಿಗೆ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ನಡೆಸಲು ಕಟ್ಟಡ, ಮೇಜು, ಬೋಧಕರು ಎಲ್ಲ ಇಲ್ಲೇ ಇದ್ದಾರೆ. ಮೊದಲ ಮೂರು ತಿಂಗಳು ಅಂಗರಚನಾ ಮತ್ತು ವಿಧಿವೈದ್ಯ ವಿಭಾಗ, ನಾಲ್ಕನೆಯದು ಶವಾಗಾರ, ಐದನೆಯದು ಪಾಲಿಕೆಯ ಚಿತಾಗಾರ, ರುದ್ರಭೂಮಿ, ಖಬರಸ್ತಾನ, ಕ್ರೈಸ್ತರ ಸ್ಮಶಾನ, ಆರನೆಯದು ನೋಂದಣಿ ಕಚೇರಿ ಮತ್ತು ವಾಹನ, ಪೆಟ್ಟಿಗೆಯ ನಿರ್ವಹಣೆ. ಒಂದು ತಂಡದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಜನ ಬೇಡ, ಮೇಜಿನ ಸುತ್ತ ಅಷ್ಟೇ ಜನ ನಿಂತು ನೋಡಲು ಸಾಧ್ಯ. ಶುಲ್ಕ 25-30 ಸಾವಿರ ದಾಟಬಾರದು. ಸೇರಿದ ದಿನವೇ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್ ಹಾಕಬೇಕು, ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಆರನೇ ತಿಂಗಳಿಗೆ, ಅಂದರೆ ಕೋರ್ಸಿನ ಜೊತೆಗೇ ಮುಗಿಯುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತು ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಎನ್-95 ಮುಖಗವಸು ಧೂಳು ತಡೆಯುತ್ತದೆ, ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ರಾಸಾಯನಿಕ ಕಾರ್ಟ್ರಿಜ್ ಇರುವ ಮಾಸ್ಕ್, ಮೇಜಿನ ಮಟ್ಟದಲ್ಲೇ ಗಾಳಿ ಎಳೆಯುವ ಫ್ಯಾನ್ ಕೊಡದೆ ಒಬ್ಬ ಹುಡುಗನನ್ನೂ ಒಳಗೆ ಬಿಡಬಾರದು.

ಮೊದಲ ತಂಡದ ಸೀಟುಗಳು ಯಾರಿಗೆ ಎನ್ನುವುದರಲ್ಲಿ ನಮಗೆ ಸಂಶಯವಿಲ್ಲ. ತಲೆಮಾರಿನಿಂದ ಗುಂಡಿ ತೋಡುತ್ತ, ಸೌದೆ ಜೋಡಿಸುತ್ತ, ಶವಾಗಾರದಲ್ಲಿ ಹೊರಗುತ್ತಿಗೆಗೆ ದುಡಿಯುತ್ತ ಬಂದವರು ಬಹುಪಾಲು ದಲಿತ ಕುಟುಂಬದವರು. ಅವರಿಗೆ ಕೈಕೆಲಸ ಗೊತ್ತಿದೆ, ಕಾಗದವಿಲ್ಲ. ಎಸ್ಸೆಸ್ಸೆಲ್ಸಿಯ ಷರತ್ತನ್ನು ಅವರಿಗೆ ಸಡಿಲಿಸಿ, ಮಾಡಿದ ಕೆಲಸದ ಅನುಭವವನ್ನೇ ಅರ್ಹತೆ ಎಂದು ಹಿಡಿದು, ಶುಲ್ಕ ಬಿಟ್ಟು ಸೇರಿಸಿಕೊಳ್ಳಬೇಕು. ಕೋರ್ಸ್ ಬಂದ ಮೇಲೆ ಸರ್ಟಿಫಿಕೇಟ್ ಇಲ್ಲವೆಂಬ ನೆಪದಲ್ಲಿ ಅವರನ್ನೇ ಹೊರಗೆ ಹಾಕುವ ಅಪಾಯ ನಿಜವಾದದ್ದು. ಇನ್ನು, ಪಾಲಿಕೆ, ನಗರಸಭೆ, ತಾಲ್ಲೂಕು ಆಸ್ಪತ್ರೆಗಳು ಶವಾಗಾರ ಸಹಾಯಕ, ಚಿತಾಗಾರ ನಿರ್ವಾಹಕ ಎಂಬ ಹುದ್ದೆಗಳನ್ನು ಈ ಸರ್ಟಿಫಿಕೇಟಿಗೆ ಜೋಡಿಸಿ, ಹೊರಗುತ್ತಿಗೆಯ ದರಕ್ಕಿಂತ ಮೇಲಿನ ವೇತನ ನಿಗದಿ ಮಾಡಬೇಕು. ಅದನ್ನು ಮಾಡದೆ ತರಬೇತಿ ಮಾತ್ರ ಶುರುಮಾಡಿದರೆ ಕಲಿತವರು ಗಾಡಿ ಓಡಿಸಲು ಬೆಂಗಳೂರಿಗೆ ಹೋಗುತ್ತಾರೆ.

ಇಷ್ಟಾದ ಮೇಲೂ ಅಮೆರಿಕಕ್ಕೇ ಹೋಗುತ್ತೇವೆ ಅನ್ನುವ ಮಕ್ಕಳ ತಂದೆ-ತಾಯಿ, ಏಜೆಂಟರಿಂದ ಮೂರು ಉತ್ತರ ಬರವಣಿಗೆಯಲ್ಲಿ ತೆಗೆದುಕೊಳ್ಳಲಿ: ಕಾಲೇಜಿಗೆ ಮೊದಲು ಹೇಳಿದ ಅಮೆರಿಕನ್ ಬೋರ್ಡಿನ ಮಾನ್ಯತೆ ಇದೆಯೇ, ಹೊರದೇಶದವರಿಗೆ ಎರಡು ವರ್ಷದ ಪೂರ್ತಿ ಶುಲ್ಕ ಎಷ್ಟು, 12 ತಿಂಗಳ ಅವಧಿ ಮುಗಿದ ಮೇಲೆ ಯಾವ ವೀಸಾದಲ್ಲಿ ಅಲ್ಲಿ ಉಳಿಯುವುದು. ಮೂರನೆಯದಕ್ಕೆ ಬರಹದಲ್ಲಿ ಉತ್ತರ ಬರುವ ತನಕ ಮನೆಯ ಪತ್ರಗಳನ್ನು ಬ್ಯಾಂಕಿಗೆ ಒಯ್ಯಬೇಡಿ.

ಇಂತಿ,
ಶವಾಗಾರ, ಅಂಗರಚನಾ ವಿಭಾಗ ಮತ್ತು ಶವಸಾಗಣೆಯ ಕೆಲಸ ಬಲ್ಲ ಕೆಲವರು
ದಾವಣಗೆರೆ